ನೀರು ಇಳಿಯುವ ನೆಲ, ನೀರು ಇಳಿಯದ ಕಲ್ಲು

(ಘಟ್ಟದ ತಪ್ಪಲಿನ ಹಳ್ಳಿಗಳ ಕೃಷಿಕರು ಹಾಗೂ ವಿದ್ಯಾರ್ಥಿಗಳು ಮಣಿಪಾಲದಲ್ಲಿ ಸೇರಿದ್ದ ಮಳೆಗಾಲಪೂರ್ವ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ.)



ಕಾಂಕ್ರೀಟನ್ನು ಬೈಯುವುದು ಸುಲಭ. ಪರಿಸರದ ವೇದಿಕೆಯ ಮೇಲೆ ನಿಂತು 'ಕಾಂಕ್ರೀಟು ಕಾಡು' ಎಂದರೆ ಸಾಕು, ಚಪ್ಪಾಳೆ ಬೀಳುತ್ತದೆ. ಆದರೆ ಹಾಗೆನ್ನುವವರೂ ಚಪ್ಪಾಳೆ ತಟ್ಟುವವರೂ ಕುಳಿತಿರುವುದು ಕಾಂಕ್ರೀಟಿನ ಮಾಡಿನ ಕೆಳಗೇ. ಆದ್ದರಿಂದ ಮೊದಲು ಈ ವಸ್ತುವಿನ ಋಣವನ್ನು ಒಪ್ಪಿಕೊಂಡು ಮಾತು ಆರಂಭಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಈ ಮಣಿಪಾಲವನ್ನೇ ತೆಗೆದುಕೊಳ್ಳಿ. ಮಣ್ಣಪಳ್ಳ ಎಂಬ ಕೆರೆಯಿಂದ ಈ ಊರಿಗೆ ಹೆಸರು ಬಂತೆಂದು ಹೇಳುತ್ತಾರೆ. ಒಂದು ಕಾಲಕ್ಕೆ ಇದು ಮುರಕಲ್ಲಿನ ಬೋಳು ಗುಡ್ಡ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಆರಂಭಿಸಿದ ಮೇಲೆ ಗುಡ್ಡದ ಚಹರೆಯೇ ಬದಲಾಯಿತು. ಹಲವು ಮಾಳಿಗೆಗಳ ಆಸ್ಪತ್ರೆಯನ್ನು ಮುರಕಲ್ಲು ಮತ್ತು ಮರದ ತೊಲೆಗಳಿಂದ ಕಟ್ಟಲಾಗುವುದಿಲ್ಲ. ಘಟ್ಟದ ಮೇಲಿನಿಂದ ರಾತ್ರೋರಾತ್ರಿ ಇಲ್ಲಿಗೆ ರೋಗಿಯನ್ನು ಕರೆತಂದವರು ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ದಾರಿಯ ಹೊಳೆಗಳನ್ನು ಅವರು ದಾಟಿದ್ದು ಕಾಂಕ್ರೀಟಿನ ಸೇತುವೆಗಳ ಮೇಲೆ. 1998ರ ಜನವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಕೊಂಕಣ ರೈಲುಮಾರ್ಗದಲ್ಲಿ 91 ಸುರಂಗಗಳೂ ಸುಮಾರು 2000 ಸೇತುವೆಗಳೂ ಇವೆ. ಈ ವಸ್ತುವಿಲ್ಲದೆ ಹೊಳೆಗಳೂ ಗುಡ್ಡಗಳೂ ತುಂಬಿದ ಕರಾವಳಿಯಲ್ಲಿ ರೈಲು ಓಡುತ್ತಿರಲಿಲ್ಲ.

ದೊಡ್ಡ ಕಟ್ಟಡಗಳನ್ನು ಬಿಡಿ, ನಮ್ಮ ಮನೆಗಳಲ್ಲೇ ನೋಡಿ. ಬಾವಿ ತೋಡುವಾಗ ಶೇಡಿಮಣ್ಣು ಕುಸಿಯದಂತೆ ಇಳಿಸುವ ರಿಂಗು, ಶೌಚದ ಗುಂಡಿಯ ರಿಂಗು, ಗೋಬರ್ ಗ್ಯಾಸಿನ ತೊಟ್ಟಿ, ಅಡಿಕೆ ಒಣಗಿಸುವ ಅಂಗಳ, ವಿದ್ಯುತ್ ಕಂಬ, ಇವೆಲ್ಲ ಕಾಂಕ್ರೀಟೇ. ಮಲೆನಾಡಿನ ಮತ್ತು ಕರಾವಳಿಯ ಬಡಮನೆಯ ಆರೋಗ್ಯಕ್ಕೆ ಆ ಎರಡು ಬಗೆಯ ರಿಂಗುಗಳು ಸಲ್ಲಿಸಿದ ಸೇವೆಯನ್ನು ಯಾವ ಇತಿಹಾಸಕಾರನೂ ಬರೆದಂತೆ ಕಾಣೆ.

ಹಾಗಾದರೆ ತಕರಾರು ಏನು? ತಕರಾರು ವಸ್ತುವಿನ ಬಗ್ಗೆ ಅಲ್ಲ, ಅದನ್ನು ಹಾಸುವ ಜಾಗದ ಬಗ್ಗೆ. ನೀರನ್ನು ಒಳಗೆ ಬಿಡದಿರುವುದು ಕಾಂಕ್ರೀಟಿನ ದೊಡ್ಡ ಗುಣ. ನೀರನ್ನು ಒಳಗೆ ಬಿಟ್ಟುಕೊಳ್ಳುವುದು ನಮ್ಮ ನೆಲದ ದೊಡ್ಡ ಗುಣ. ಒಂದರ ಮೇಲೆ ಇನ್ನೊಂದನ್ನು ಹಾಸಿದಾಗ ಏನಾಗುತ್ತದೆ ಎಂಬುದಷ್ಟೇ ನನ್ನ ಇವತ್ತಿನ ವಿಷಯ.

ಮೊದಲು ವಸ್ತುವಿನ ಜಾತಕ. ಸುಣ್ಣದ ಜೊತೆ ಜ್ವಾಲಾಮುಖಿಯ ಬೂದಿ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ದೊರೆಯುತ್ತದೆ ಎಂಬುದು ರೋಮನ್ನರಿಗೆ ತಿಳಿದಿತ್ತು. ಸುಮಾರು 1900 ವರ್ಷಗಳ ಹಿಂದೆ ಅವರು ಕಟ್ಟಿದ ಪಾಂಥಿಯನ್ ಮಂದಿರದ ಗುಮ್ಮಟ 43 ಮೀಟರು ಅಗಲವಿದೆ, ಅದರಲ್ಲಿ ಒಂದು ಕಬ್ಬಿಣದ ಸರಳೂ ಇಲ್ಲ, ಇಂದಿಗೂ ನಿಂತಿದೆ. ಅಲ್ಲಿಂದ ಬಹುಕಾಲ ಕಳೆದು, 1824ರಲ್ಲಿ ಇಂಗ್ಲೆಂಡಿನ ಗಾರೆಯವನೊಬ್ಬ, ಜೋಸೆಫ್ ಆಸ್ಪ್‌ಡಿನ್, ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸೇರಿಸಿ ಸುಟ್ಟು ಪುಡಿಮಾಡಿ 'ಪೋರ್ಟ್‌ಲ್ಯಾಂಡ್ ಸಿಮೆಂಟ್' ಎಂದು ಹಕ್ಕುಪತ್ರ ಪಡೆದ. ಅಲ್ಲಿನ ಪೋರ್ಟ್‌ಲ್ಯಾಂಡ್ ಎಂಬಲ್ಲಿಯ ಕಲ್ಲಿನಂತೆ ಕಾಣುತ್ತದೆಂದು ಆ ಹೆಸರು. ಇನ್ನು ಕಬ್ಬಿಣ ಸೇರಿದ ಕಥೆ ನಮ್ಮ ತೋಟಗಾರಿಕೆಯ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ಫ್ರಾನ್ಸಿನ ಜೋಸೆಫ್ ಮೋನಿಯೆ ಎಂಬಾತ ವೃತ್ತಿಯಿಂದ ತೋಟಗಾರ. ಹೂಕುಂಡಗಳು ಒಡೆಯಬಾರದೆಂದು ಕಬ್ಬಿಣದ ತಂತಿಯ ಬಲೆಗೆ ಸಿಮೆಂಟು ಮೆತ್ತಿ ಕುಂಡ ಮಾಡಿದ. 1867ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಇಂದಿನ ಮೇಲ್ಸೇತುವೆಗಳ ವಂಶಾವಳಿಯಲ್ಲಿ ಒಂದು ಹೂಕುಂಡವಿದೆ.

ಆ ಕುಂಡದಿಂದ ಹೊರಟ ವಸ್ತು ಈಗ ಎಲ್ಲಿಗೆ ಮುಟ್ಟಿದೆ ನೋಡಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟು ತಯಾರಾಗುತ್ತದೆ. ನಮ್ಮ ದೇಶದ ಪಾಲು 40 ಕೋಟಿ ಟನ್ನಿಗೂ ಹೆಚ್ಚು. ಚೀನಾದ ನಂತರದ ಸ್ಥಾನ ನಮ್ಮದೇ. ಚೀನಾ ದೇಶವು 2011ರಿಂದ 2013ರವರೆಗಿನ ಮೂರೇ ವರ್ಷಗಳಲ್ಲಿ ಬಳಸಿದ ಸಿಮೆಂಟು, ಅಮೆರಿಕವು ಇಡೀ ಇಪ್ಪತ್ತನೆಯ ಶತಮಾನದಲ್ಲಿ ಬಳಸಿದ್ದಕ್ಕಿಂತ ಹೆಚ್ಚು. ಮನುಷ್ಯ ನಿರ್ಮಿಸಿದ ವಸ್ತುಗಳ ಒಟ್ಟು ತೂಕವು ಭೂಮಿಯ ಮೇಲಿನ ಎಲ್ಲ ಜೀವರಾಶಿಯ ಒಣತೂಕವನ್ನು ಮೀರುವ ಹಂತಕ್ಕೆ ಬಂದಿದೆ ಎಂದು ಇಸ್ರೇಲಿನ ವೈಜ್ಞಾನಿಕ ಸಂಸ್ಥೆಯೊಂದರ ಸಂಶೋಧಕರು 2020ರಲ್ಲಿ ಲೆಕ್ಕಹಾಕಿದರು. ಮರಗಿಡಗಳು, ಪ್ರಾಣಿಗಳು, ನಾವು ನೀವು ಎಲ್ಲ ಒಂದು ತಟ್ಟೆಯಲ್ಲಿ. ಇನ್ನೊಂದು ತಟ್ಟೆಯಲ್ಲಿ ನಮ್ಮ ಕಟ್ಟೋಣ. ಆ ಎರಡನೆಯ ತಟ್ಟೆಯಲ್ಲಿ ಅತಿ ಹೆಚ್ಚು ತೂಗುವುದು ಕಾಂಕ್ರೀಟು.

ಇದಕ್ಕಿಂತ ಮೊದಲು ನಮ್ಮವರು ಏನನ್ನೂ ಕಟ್ಟಿರಲಿಲ್ಲವೇ? ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ಚತುರ್ಮುಖ ಬಸದಿ 1586ರಲ್ಲಿ, ಎರಡೂ ಶಿಲೆಯವು. ಸಾಮಾನ್ಯರ ಮನೆಗೆ ಮುರಕಲ್ಲು, ಕೆಸರುಮಣ್ಣು, ಹಲಸು ಕಿರಾಲುಬೋಗಿಯ ಮರ, ಮುಳಿಹುಲ್ಲಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ನೇತ್ರಾವತಿಯ ಜೇಡಿಯಿಂದ ಆದ ಕೆಂಪು ಹಂಚು ಮಾಡನ್ನೇರಿತು. ಗಾರೆಗೆ ಸುಣ್ಣ ಬರುತ್ತಿದ್ದುದು ಹೊಳೆಯ ಚಿಪ್ಪಿನಿಂದ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಅಷ್ಟು ದೊಡ್ಡ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ: ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ. ವಿದ್ಯಾರ್ಥಿಗಳು ಒಂದು ಅಂಶ ಗಮನಿಸಬೇಕು. ರೋಮಿನ ಜ್ವಾಲಾಮುಖಿ ಬೂದಿ, ಕನ್ನಂಬಾಡಿಯ ಇಟ್ಟಿಗೆಪುಡಿ, ಇಂದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಂದ ಬಂದು ಪೊಝೊಲಾನಾ ಸಿಮೆಂಟಿನ ಚೀಲದಲ್ಲಿ ಶೇಕಡಾ 15ರಿಂದ 35ರಷ್ಟು ಬೆರೆಯುವ ಹಾರುಬೂದಿ, ಈ ಮೂರೂ ಮಾಡುವ ರಾಸಾಯನಿಕ ಕೆಲಸ ಒಂದೇ. ಬಿಸಿ ಕಂಡ ಮಣ್ಣು ಸುಣ್ಣದ ಕೈಹಿಡಿದು ಕಲ್ಲಾಗುವುದು.

ಈಗ ನೆಲಕ್ಕೆ ಬರೋಣ. ನಮ್ಮ ಮುರಕಲ್ಲಿಗೆ ಜಗತ್ತಿನ ವಿಜ್ಞಾನದಲ್ಲಿ ಒಂದು ಗೌರವದ ಸ್ಥಾನವಿದೆ. 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಮೆತ್ತಗೆ, ಕೈಹತ್ಯಾರಿನಿಂದ ಕಡಿಯಬಹುದು. ಗಾಳಿಬಿಸಿಲು ಕಂಡ ಮೇಲೆ ಗಟ್ಟಿ. ಲಕ್ಷಾಂತರ ವರ್ಷಗಳ ಮಳೆ, ಕೆಳಗಿನ ಶಿಲೆಯಿಂದ ಸುಲಭವಾಗಿ ಕರಗುವುದನ್ನೆಲ್ಲ ಕರಗಿಸಿಕೊಂಡು ಹೋಗಿ, ಕರಗದ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಹಿಂದೆ ಬಿಟ್ಟದ್ದೇ ಮುರಕಲ್ಲು. ಅದರ ಮೈಯೆಲ್ಲ ಗೂಡುಗೂಡು, ತೂತುತೂತು.

ಮಳೆಯ ನೀರು ಈ ಗೂಡುಗಳ ಮೂಲಕ ಇಳಿಯುತ್ತದೆ. ಮುರಕಲ್ಲಿನ ಪದರ ಮುಗಿದ ಮೇಲೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿಮಣ್ಣು ಸಿಗುತ್ತದೆ. ಅದು ನೀರನ್ನು ಬೇಗ ಒಳಬಿಡುವುದಿಲ್ಲ. ಹಾಗಾಗಿ ನೀರು ಅಲ್ಲಿ ನಿಂತು, ಅಡ್ಡಕ್ಕೆ ಸರಿದು, ಗುಡ್ಡದ ಬುಡದಲ್ಲಿ ಒಸರಾಗಿ ಹೊರಬರುತ್ತದೆ. ನಮ್ಮ ಹಿರಿಯರು ಮನೆ ಕಟ್ಟಿದ್ದು, ಬಾವಿ ತೋಡಿದ್ದು, ಅಡಿಕೆ ಹಾಕಿದ್ದು ಆ ಒಸರು ಇದ್ದ ಕಡೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಗುಡ್ಡದ ಹೊಟ್ಟೆಗೇ ಸುರಂಗ ಕೊರೆದು ಆ ನೀರನ್ನು ತೋಟಕ್ಕೆ ತಂದರು. ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳನ್ನು ವಿಂಗಡಿಸಿದ್ದೂ ಈ ನೀರಿನ ಲೆಕ್ಕದಲ್ಲೇ. ಬೆಟ್ಟುಗದ್ದೆಗೆ ಮಳೆಯೇ ಗತಿ, ಒಂದು ಬೆಳೆ. ಬೈಲುಗದ್ದೆಗೆ ಗುಡ್ಡವು ನಿಧಾನವಾಗಿ ಬಿಟ್ಟುಕೊಡುವ ನೀರು, ಏಣಿಲು ಸುಗ್ಗಿ ಕೊಳಕೆ ಎಂದು ಮೂರು ಬೆಳೆ. ಅಂದರೆ ಕೊಳಕೆ ಬೆಳೆಯೆಂಬುದು ಮೂಲತಃ ಗುಡ್ಡದ ಬೆಳೆ; ಬೆಳೆದದ್ದು ಮಾತ್ರ ಬೈಲಿನಲ್ಲಿ. ಕೃಷಿ ಇಲಾಖೆಯ ಯಾವ ನಕ್ಷೆಯಲ್ಲೂ ಬೈಲಿನ ಜೊತೆ ಅದರ ಗುಡ್ಡವನ್ನು ಸೇರಿಸಿ ತೋರಿಸಿದ್ದನ್ನು ನಾನು ನೋಡಿಲ್ಲ.

ಸ್ವಲ್ಪ ಗಣಿತ ಮಾಡೋಣ. ಒಂದು ಚದರ ಮೀಟರು ಜಾಗದಲ್ಲಿ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಉಡುಪಿಯ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆಯೆಂದಿಟ್ಟುಕೊಳ್ಳಿ. ಐದು ಸೆಂಟ್ಸಿನ ಒಂದು ಅಂಗಳವೆಂದರೆ ಸುಮಾರು 200 ಚದರ ಮೀಟರು. ಅದರ ಮೇಲೆ ವರ್ಷಕ್ಕೆ ಬೀಳುವುದು 8 ಲಕ್ಷ ಲೀಟರು. ಎಲ್ಲವೂ ಇಂಗುತ್ತಿತ್ತೆಂದಲ್ಲ, ಹರಿಯುವುದು ಹರಿಯುತ್ತದೆ, ಆರುವುದು ಆರುತ್ತದೆ. ಆದರೆ ಅಂಗಳಕ್ಕೆ ಕಾಂಕ್ರೀಟು ಹಾಕಿದ ದಿನದಿಂದ ಇಂಗುವ ಪಾಲು ಸೊನ್ನೆ. ಇನ್ನು ಒಂದು ಎಕರೆ ಗದ್ದೆ. ಹುಣಿಯ ನಡುವೆ ನಾಲ್ಕು ಬೆರಳು, ಅಂದರೆ ಹತ್ತು ಸೆಂಟಿಮೀಟರಿನಷ್ಟು ನೀರು ನಿಂತರೆ ಒಂದು ಸಲಕ್ಕೆ 4 ಲಕ್ಷ ಲೀಟರು, ಹತ್ತು ಸಾವಿರ ಲೀಟರಿನ 40 ಟ್ಯಾಂಕರು. ಮಳೆಗಾಲದುದ್ದಕ್ಕೂ ಅದು ತುಂಬುತ್ತಾ ಇಳಿಯುತ್ತಾ ಇರುತ್ತದೆ. ಆ ಗದ್ದೆ ಹಡಿಲು ಬಿದ್ದು, ಗುಡ್ಡ ಕಡಿದ ಕೆಂಪುಮಣ್ಣು ತುಂಬಿ, ಸೈಟಾಗಿ, ಕೊನೆಗೆ ಇಂಟರ್‌ಲಾಕ್ ಹಾಸಿದ ಪಾರ್ಕಿಂಗ್ ಆಗುವ ಕ್ರಮವನ್ನು ಹೆದ್ದಾರಿಯ ಇಕ್ಕೆಲಗಳಲ್ಲಿ ಎಲ್ಲರೂ ನೋಡಿದ್ದೀರಿ. ಇಂಟರ್‌ಲಾಕ್ ಕಲ್ಲುಗಳ ಸಂದಿಯಲ್ಲಿ ನೀರು ಇಂಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಕೆಳಗೆ ಗಟ್ಟಿಯಾಗಿ ಧಮ್ಮಸ್ಸು ಮಾಡಿ ಕ್ರಷರಿನ ಹುಡಿ ತುಂಬಿದ ಮೇಲೆ ಎಷ್ಟು ಇಂಗೀತು? ಒಂದು ಬಿಂದಿಗೆ ನೀರು ಹೊಯ್ದು ನೋಡಿದರೆ ತಿಳಿಯುತ್ತದೆ.

ಉಡುಪಿ ಮಣಿಪಾಲಗಳಿಗೆ ಕುಡಿಯುವ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿತು. ಜನ ನದಿಗಿಳಿದು ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಅಣೆಕಟ್ಟಿನ ಕಡೆ ಹರಿಯಗೊಡಬೇಕಾಯಿತು. ಮರುವರ್ಷವೇ, 2020ರ ಸೆಪ್ಟೆಂಬರ್ 20ರಂದು, ಅದೇ ಉಡುಪಿ ಮುಳುಗಿತು. ಕಲ್ಸಂಕ, ಬೈಲಕೆರೆಯ ಕಡೆ ಮನೆಗಳಿಗೆ ನೀರು ನುಗ್ಗಿ ದೋಣಿಗಳು ಬರಬೇಕಾಯಿತು. ಹದಿನಾರು ತಿಂಗಳ ಅಂತರದಲ್ಲಿ ಒಂದೇ ಊರು ನೀರಿಲ್ಲದೆಯೂ ನೀರಿನಿಂದಲೂ ಕಂಗೆಟ್ಟಿತು. ಇದಕ್ಕೆಲ್ಲ ಕಾಂಕ್ರೀಟೇ ಕಾರಣವೆಂದು ನಾನು ಹೇಳುತ್ತಿಲ್ಲ. 2019ರಲ್ಲಿ ಮುಂಗಾರುಪೂರ್ವ ಮಳೆ ಕೈಕೊಟ್ಟಿತ್ತು, 2020ರ ಆ ಒಂದು ರಾತ್ರಿಯ ಮಳೆ ಅಸಾಧಾರಣವಾಗಿತ್ತು. ಆದರೆ ಎರಡು ಹೆಸರುಗಳನ್ನು ಕಿವಿಗೊಟ್ಟು ಕೇಳಿ: ಬೈಲಕೆರೆ, ಕಲ್ಸಂಕ. ಬೈಲು, ಕೆರೆ, ಕಲ್ಲಿನ ಸಂಕ. ಇಂದ್ರಾಣಿ ತೋಡು ಮಣಿಪಾಲದ ಕಡೆಯಿಂದ ಇಳಿದು ಹರಡಿಕೊಳ್ಳುತ್ತಿದ್ದ ಜಾಗವಿದೆಂದು ಹೆಸರಿಟ್ಟವರು ಸ್ಪಷ್ಟವಾಗಿಯೇ ಹೇಳಿದ್ದರು. ಮೇಲಿನ ಗುಡ್ಡ ಮಾಡಾಗಿ ರಸ್ತೆಯಾಗಿ ಗಟ್ಟಿಯಾದಾಗ, ಕೆಳಗಿನ ಬೈಲು ಅಂಗಳವಾದಾಗ, ಅದೇ ಮಳೆಯ ನೀರು ಮೊದಲಿಗಿಂತ ಬೇಗ ಬರುತ್ತದೆ, ಮೊದಲಿಗಿಂತ ಬೇಗ ಹೋಗುತ್ತದೆ. ಬೇಗ ಬಂದದ್ದು ನೆರೆ. ಬೇಗ ಹೋದದ್ದು ಬರ.

ಇನ್ನು ಕಾಂಕ್ರೀಟು ಬರುವ ದಾರಿ. ಸಿಮೆಂಟಿನ ಚೀಲದ ಹಿಂದೆ ಕಲಬುರಗಿಯ ಸೇಡಂ, ವಾಡಿಯಂಥ ಕಡೆಯ ಸುಣ್ಣಕಲ್ಲಿನ ಗಣಿಗಳಿವೆ. ಅವುಗಳ ಸುತ್ತ ತೊಗರಿಯ ಹೊಲಗಳಿವೆ. ಸುಣ್ಣಕಲ್ಲನ್ನು ಸುಟ್ಟಾಗ ಅದರ ತೂಕದ ಶೇಕಡಾ 44ರಷ್ಟು ಇಂಗಾಲದ ಡೈ ಆಕ್ಸೈಡ್ ಆಗಿ ಆಕಾಶಕ್ಕೆ ಹೋಗುತ್ತದೆ. ಇದು ಯಾವ ಕಾರ್ಖಾನೆಯ ತಪ್ಪೂ ಅಲ್ಲ, ರಸಾಯನಶಾಸ್ತ್ರ. ಗೂಡಿನ ಬಿಸಿಯನ್ನು 1450 ಡಿಗ್ರಿಗೆ ಏರಿಸಲು ಸುಡುವ ಕಲ್ಲಿದ್ದಲಿನದು ಬೇರೆ. ಜಗತ್ತಿನ ಒಟ್ಟು ಇಂಗಾಲದ ಹೊಗೆಯಲ್ಲಿ ಸಿಮೆಂಟಿನ ಪಾಲು ಶೇಕಡಾ 7–8. ಚಿಪ್ಪಿನ ಸುಣ್ಣ ಸುಡುವಾಗಲೂ ಇದೇ ಅನಿಲ ಹೊರಬರುತ್ತದೆ, ಆದರೆ ಸುಣ್ಣದ ಗಾರೆ ಒಣಗುತ್ತಾ ಅದರ ಬಹುಪಾಲನ್ನು ಗಾಳಿಯಿಂದ ಮರಳಿ ಹೀರಿಕೊಂಡೇ ಗಟ್ಟಿಯಾಗುತ್ತದೆ. ಈಗ ನಮ್ಮ ಐಐಟಿಗಳೂ ಸ್ವಿಜರ್ಲೆಂಡಿನ ವಿಜ್ಞಾನಿಗಳೂ ಸೇರಿ, ಸುಟ್ಟ ಜೇಡಿಯನ್ನೂ ಸುಡದ ಸುಣ್ಣಕಲ್ಲನ್ನೂ ಬೆರೆಸಿ ಹೊಗೆ ಕಡಿಮೆಯಿರುವ ಸಿಮೆಂಟನ್ನು ರೂಪಿಸಿದ್ದಾರೆ. ಅದಕ್ಕೆ ಬೇಕಾದ ಜೇಡಿ ಎಂಥದ್ದೆಂದರೆ ನಮ್ಮ ಶೇಡಿಮಣ್ಣಿನ ಬಳಗದ್ದೇ. ಒಳ್ಳೆಯ ಸುದ್ದಿ ಎನ್ನೋಣ. ಆ ಮಣ್ಣನ್ನು ಯಾವ ಗುಡ್ಡದ ಬುಡದಿಂದ ಅಗೆಯುತ್ತಾರೆ ಎಂಬುದರ ಮೇಲೂ ಒಂದು ಕಣ್ಣಿಡೋಣ.

ಚೀಲವೊಂದು ದೂರದಿಂದ ಬಂದರೂ ಉಳಿದದ್ದೆಲ್ಲ ನಮ್ಮಲ್ಲಿಂದಲೇ ಹೋಗಬೇಕು. ಕಾಂಕ್ರೀಟಿನಲ್ಲಿ ಸಿಮೆಂಟು ಕಡಿಮೆ, ಹೊಯ್ಗೆ ಜಲ್ಲಿಗಳೇ ಹೆಚ್ಚು. ಸ್ವರ್ಣಾ, ಸೀತಾ ನದಿಗಳ ಹೊಯ್ಗೆಯನ್ನು ನಾವು ಕಟ್ಟಡ ಸಾಮಗ್ರಿ ಎಂದು ನೋಡುತ್ತೇವೆ. ಕೃಷಿಕನ ಕಣ್ಣಿಗೆ ಅದು ನದಿಯ ನೀರಿನ ಕಣಜ. ಹೊಯ್ಗೆಯ ಹಾಸು ಬೇಸಗೆಯಲ್ಲೂ ನೀರನ್ನು ತನ್ನೊಳಗೆ ಹಿಡಿದಿಟ್ಟು ದಂಡೆಯ ಬಾವಿಗಳಿಗೆ ಉಣಿಸುತ್ತದೆ. ಹಾಸು ಆಳವಾದಷ್ಟೂ ಅಳಿವೆಯ ಉಪ್ಪುನೀರು ಮೇಲೇರುತ್ತದೆ. ಹೊಯ್ಗೆಗೆ ಕಡಿವಾಣ ಬಿದ್ದಾಗಲೆಲ್ಲ ಕಣ್ಣು ಹೋಗುವುದು ಕಾರ್ಕಳದ ಕಡೆಯ ಶಿಲೆಯ ಮೇಲೆ. ಗೊಮ್ಮಟನನ್ನು ಕೊಟ್ಟ ಶಿಲೆಯೇ ಕ್ರಷರಿನ ಬಾಯಿಗೆ ಸಿಕ್ಕಿ ಜಲ್ಲಿಯೂ ಎಂ-ಸ್ಯಾಂಡೂ ಆಗುತ್ತದೆ. ನದಿಯನ್ನು ಉಳಿಸಲು ಗುಡ್ಡ, ಗುಡ್ಡವನ್ನು ಉಳಿಸಲು ನದಿ: ಈ ಸಾಲದಾಟದಲ್ಲಿ ಬೇಡಿಕೆಯನ್ನು ತಗ್ಗಿಸುವ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇಲ್ಲಿ ನಾಗಬನದ ವಿಷಯ ಹೇಳಲೇಬೇಕು. ನನಗೆ ಇದು ಎಲ್ಲಕ್ಕಿಂತ ನೋವಿನದು. ತುಳುನಾಡಿನ ಪ್ರತಿ ಕುಟುಂಬದ ಮೂಲದಲ್ಲಿ ಒಂದು ಬನವಿತ್ತು. ಹಾಳೆಮರ, ರೆಂಜೆ, ಹೆಬ್ಬಲಸು, ಬೆತ್ತದ ಪೊದೆ, ಮರದಿಂದ ಮರಕ್ಕೆ ಹಬ್ಬಿದ ಬೀಳಲು, ಮಧ್ಯೆ ಮುರಕಲ್ಲಿನ ಪೀಠದ ಮೇಲೆ ನಾಗನ ಕಲ್ಲು. ಕಾಲಿಟ್ಟರೆ ತರಗೆಲೆ, ತರಗೆಲೆಯ ಕೆಳಗೆ ತೇವ. ಬನದ ಪಕ್ಕದ ಬಾವಿ ಬೇಸಗೆಯಲ್ಲಿ ಕೊನೆಗೆ ಬತ್ತುತ್ತಿತ್ತು. ಕೊಡಲಿ ತಾಗಬಾರದೆಂಬ ಭಯಭಕ್ತಿಯೇ ಅದರ ಕಾಯಿದೆ. ಕಳೆದ ಕೆಲವು ದಶಕಗಳಲ್ಲಿ ಇವುಗಳ ಜೀರ್ಣೋದ್ಧಾರವಾಯಿತು. ಮರ ಕಡಿದು, ನೆಲ ಸಮತಟ್ಟು ಮಾಡಿ, ಕಾಂಕ್ರೀಟಿನ ಕಟ್ಟೆ, ಅದರ ಮೇಲೆ ನುಣುಪು ಕಲ್ಲು, ಸುತ್ತ ಆವರಣಗೋಡೆ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆಂದು ಮೇಲೆ ತಗಡಿನ ಚಪ್ಪರ. ಭಕ್ತಿ ಕಡಿಮೆಯಾಗಿದೆಯೆಂದು ನಾನು ಹೇಳಲಾರೆ. ಖರ್ಚು ನೋಡಿದರೆ ಹೆಚ್ಚೇ ಆಗಿದೆ. ಆದರೆ ತಣ್ಣಗಿರಬೇಕಾದ ಹಾವಿಗೆ ನಾವು ಕಟ್ಟಿಕೊಟ್ಟದ್ದು ಕಾವಲಿ. ಕುಟುಂಬದ ಹಿರಿಯರು, ಅರ್ಚಕರು, ತಂತ್ರಿಗಳು ಇಲ್ಲಿ ಯಾರಾದರೂ ಇದ್ದರೆ ನನ್ನದೊಂದು ಬಿನ್ನಹ: ಪೀಠಕ್ಕೆ ಬೇಕಾದಷ್ಟೇ ಕಲ್ಲು ಇರಲಿ, ಬಾಕಿ ನೆಲವನ್ನು ಮಣ್ಣಾಗಿಯೇ ಬಿಡಿ. ಕಟ್ಟೆಯಾಗಿ ಹೋದ ಕಡೆಯೂ ಸುತ್ತಲಿನ ಹಾಸನ್ನು ಕಿತ್ತು ಗಿಡ ನೆಡಬಹುದು. ಹತ್ತು ಹನ್ನೆರಡು ಮಳೆಗಾಲದಲ್ಲಿ ನೆರಳು ಬರುತ್ತದೆ.

ಕಾಂಕ್ರೀಟು ಶಾಶ್ವತ ಎಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸೋಣ. ಕಡಲಿನ ಗಾಳಿಯ ಉಪ್ಪು ಕಾಂಕ್ರೀಟಿನ ಸೂಕ್ಷ್ಮ ಬಿರುಕುಗಳಲ್ಲಿ ಇಳಿದು ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಹೊರಗಿನ ಹೊದಿಕೆ ಹೋಳುಹೋಳಾಗಿ ಉದುರುತ್ತದೆ. ಕಾಪುವಿನಿಂದ ಮಲ್ಪೆಯವರೆಗೆ ಕಡಲಬದಿಯ ಹಳೆಯ ತಾರಸಿಗಳ ಅಡಿಭಾಗವನ್ನು ತಲೆಯೆತ್ತಿ ನೋಡಿದರೆ ಈ ಪಾಠ ಚಿತ್ರಸಹಿತ ಸಿಗುತ್ತದೆ. ಕಾಪುವಿನ ದೀಪಸ್ತಂಭ 1901ರದು, ಕಲ್ಲುಗಾರೆಯ ಕಟ್ಟೋಣ, ಅಲೆಗಳ ನಡುವಿನ ಬಂಡೆಯ ಮೇಲೆ ಇಂದಿಗೂ ಬೆಳಕು ಕೊಡುತ್ತಿದೆ. ಇನ್ನು ಘಟ್ಟದ ಕಡೆಯ ಮನೆಗಳು. ಹಂಚಿನ ಇಳಿಜಾರು ಮಾಡನ್ನು ಕಿತ್ತು ಸಪಾಟು ತಾರಸಿ ಹಾಕಿದೆವು. ನಾಲ್ಕು ಮಳೆಗಾಲ ಕಳೆಯುವಾಗ ಸೋರಿತು. ಈಗ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹಾಕುತ್ತಿದ್ದೇವೆ. ಅಜ್ಜ ಒಂದು ಮಾಡಿನಲ್ಲಿ ಮುಗಿಸಿದ ಕೆಲಸಕ್ಕೆ ನಮಗೆ ಎರಡು ಮಾಡು ಬೇಕಾಗಿದೆ.

ಹಳೆಯ ಮನೆಗೆ ಇನ್ನೊಂದು ಗುಣವಿತ್ತು. ಈ ಮಣಿಪಾಲದಲ್ಲೇ ದಿವಂಗತ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ವಿದ್ಯಾರ್ಥಿಗಳು ನೋಡಿರಬಹುದು. ನೋಡದಿದ್ದರೆ ಹೋಗಿ. ಕಾರ್ಕಳದ ಹತ್ತಿರದ ಮಿಯಾರಿನ ಮನೆ, ಕುಂದಾಪುರದ ಕಡೆಯ ಹರ್ಕೂರಿನ ಮನೆ, ಇವು ಮೂಲದಲ್ಲಿ ನೆಲಸಮವಾಗಲಿದ್ದವು. ತೊಲೆ, ಕಂಬ, ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಮರ ಮುರಕಲ್ಲುಗಳ ಮನೆಯನ್ನು ಬಿಚ್ಚಬಹುದು, ಸಾಗಿಸಬಹುದು, ಕಟ್ಟಬಹುದು. ಕಾಂಕ್ರೀಟಿನ ಮನೆಯನ್ನು ಒಡೆಯಲಷ್ಟೇ ಬರುತ್ತದೆ. ಒಡೆದದ್ದನ್ನು ಯಾವುದೋ ತಗ್ಗಿನ ಗದ್ದೆಗೆ ಸುರಿಯುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಇನ್ನೊಂದು ಪಕ್ಕವನ್ನು ಮರೆತರೆ ಅನ್ಯಾಯವಾದೀತು. 2022ರ ಆಗಸ್ಟ್‌ನಲ್ಲಿ, ಇದೇ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಮರದ ಆ ಸಂಕಗಳ ಮೇಲೆ ಇಂದಿಗೂ ಮಕ್ಕಳು ಆಟಿಯ ಮಳೆಯಲ್ಲಿ ನಡೆಯುತ್ತಾರೆ. ಅಂಥ ಕಡೆ ಒಂದು ಕಾಂಕ್ರೀಟಿನ ಕಿರುಸೇತುವೆಗೆ ತಗಲುವ ಸಿಮೆಂಟು, ಪೇಟೆಯ ಒಂದು ವಾಣಿಜ್ಯ ಸಂಕೀರ್ಣದ ಅಂಗಳಕ್ಕೆ ಸುರಿಯುವುದಕ್ಕಿಂತ ಕಡಿಮೆ. ಪರಿಸರದ ಹೆಸರಿನಲ್ಲಿ ಆ ಸೇತುವೆಗೆ ಯಾರಾದರೂ ಅಡ್ಡಬಂದರೆ ನಾನು ಅವರ ಜೊತೆಗಿಲ್ಲ. ಎಲ್ಲಿ ಕಾಂಕ್ರೀಟು ಜೀವ ಉಳಿಸುತ್ತದೋ ಅಲ್ಲಿ ಅದು ಬಂದಿಲ್ಲ. ಎಲ್ಲಿ ಬೇಡವೋ ಅಲ್ಲಿ ಧಾರಾಳವಾಗಿ ಹರಿಯುತ್ತಿದೆ.

ಕಿಂಡಿ ಅಣೆಕಟ್ಟುಗಳ ವಿಚಾರವೂ ಹೀಗೆಯೇ. ಕಾಸರಗೋಡಿನ ಏತಡ್ಕದ ಕೃಷಿಕರು ಪ್ರತಿವರ್ಷ ಮಳೆ ಮುಗಿದ ಮೇಲೆ ಹೊಳೆಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಹೊಳೆಯ ಪಾಲು. ಹಾಗೆ ಹಿಡಿದ ನೀರು ಅಡಿಕೆ ತೋಟಗಳನ್ನೂ ಸುತ್ತಲಿನ ಬಾವಿಗಳನ್ನೂ ಬೇಸಗೆ ದಾಟಿಸುತ್ತಿತ್ತು. ಆಳುಗಳ ಅಭಾವದ ಈ ಕಾಲದಲ್ಲಿ ವರ್ಷವರ್ಷವೂ ಮಣ್ಣು ಹೊರಿ ಎಂದು ನಾನು ಉಪದೇಶ ಮಾಡಲಾರೆ. ಕಾಂಕ್ರೀಟಿನ ಕಂಬಗಳ ನಡುವೆ ಹಲಗೆ ಇಳಿಸುವ ಕಿಂಡಿ ಅಣೆಕಟ್ಟು ಅದೇ ಕೆಲಸವನ್ನು ಕಡಿಮೆ ಶ್ರಮದಲ್ಲಿ ಮಾಡುತ್ತದೆ. ಕರಾವಳಿಯಲ್ಲಿ ಉಪ್ಪುನೀರನ್ನೂ ತಡೆಯುತ್ತದೆ. ಈ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗವಿಲ್ಲ. ಆದರೆ ನಾನು ನೋಡಿದ ಎಷ್ಟೋ ಕಿಂಡಿ ಅಣೆಕಟ್ಟುಗಳಲ್ಲಿ ಹಲಗೆಯೇ ಇಲ್ಲ, ಇದ್ದರೂ ಹೊತ್ತಿಗೆ ಸರಿಯಾಗಿ ಹಾಕುವವರಿಲ್ಲ. ಕಟ್ಟ ಕಟ್ಟುವಾಗ ಇಡೀ ಬೈಲಿನವರು ಒಂದಾಗಿ ಸೇರಬೇಕಿತ್ತು. ಕಾಂಕ್ರೀಟು ಬಂದ ಮೇಲೆ ಅದು ಇಲಾಖೆಯ ಆಸ್ತಿಯಾಯಿತು, ನಮ್ಮ ಹೊಣೆ ಮುಗಿಯಿತು.

ಇನ್ನು ಮುಂದಿನ ತಿಂಗಳುಗಳಲ್ಲಿ ನಿಮ್ಮ ಗ್ರಾಮಸಭೆಗಳಿಗೆ ಬರುವ ಕಾಮಗಾರಿಗಳ ಬಗ್ಗೆ ಕೆಲವು ಮಾತು. ಹಳ್ಳಿಯ ರಸ್ತೆಗೆ ಕಾಂಕ್ರೀಟು ಬೇಕೆಂದು ಕೇಳುತ್ತೀರಿ, ತಪ್ಪಲ್ಲ. ಮಳೆಗಾಲದಲ್ಲಿ ಆಂಬುಲೆನ್ಸ್ ಹತ್ತದ ಏರುಗಳಿವೆ. ಕಡಿದಾದ ಏರಿಗೆ ಮಾತ್ರ ಹಾಕಿಸಿ. ಜೀಪು ರಿಕ್ಷಾಗಳಷ್ಟೇ ಓಡಾಡುವ ಕಡೆ ಎರಡು ಗಾಲಿಗೆ ಎರಡು ಪಟ್ಟಿ ಸಾಕು, ನಡುವೆ ಹುಲ್ಲು ಬೆಳೆಯಲಿ. ರಸ್ತೆಯ ನೀರು ಒಂದೇ ಕಡೆ ರಭಸದಿಂದ ಇಳಿಯದಂತೆ ಅಲ್ಲಲ್ಲಿ ಗುಡ್ಡದ ಬದಿಯ ಇಂಗುಗುಂಡಿಗಳಿಗೆ ತಿರುಗಿಸಬೇಕು. ಆದರೆ ಇತ್ತೀಚೆಗೆ ಕಡಿದ ದರೆಯ ನೆತ್ತಿಯ ಮೇಲೆ ಮಾತ್ರ ಇಂಗುಗುಂಡಿ ಬೇಡ, ಶೇಡಿಮಣ್ಣು ನೀರು ಕುಡಿದು ಭಾರವಾದರೆ ದರೆ ಜಾರುತ್ತದೆ. 2019ರಲ್ಲಿ ಮಂಗಳೂರಿನ ಕುಲಶೇಖರದ ಬಳಿ ರೈಲುಹಳಿಯ ಮೇಲೆ ಗುಡ್ಡ ಜಾರಿದ್ದು ನೆನಪಿರಬಹುದು. ದರೆಗೆ ತಡೆಗೋಡೆ ಕಟ್ಟುವಾಗ ಗೋಡೆಯ ಹಿಂದೆ ಜಲ್ಲಿ ತುಂಬಿ, ಗೋಡೆಯಲ್ಲಿ ನೀರು ಹೊರಬರುವ ತೂತುಗಳನ್ನು ಬಿಟ್ಟಿದ್ದಾರೆಯೇ ಎಂದು ಕಣ್ಣಾರೆ ನೋಡಿ. ತೂತಿಲ್ಲದ ಗೋಡೆ ಮಣ್ಣನ್ನಷ್ಟೇ ಅಲ್ಲ, ಮಣ್ಣಿನ ಹಿಂದಿನ ನೀರನ್ನೂ ಹೊರಬೇಕಾಗುತ್ತದೆ. ಎಷ್ಟೇ ದಪ್ಪವಿದ್ದರೂ ಒಂದು ದೊಡ್ಡ ಮಳೆಗೆ ಅದು ಮಗುಚುತ್ತದೆ.

ತೋಡಿನ ಕಾಮಗಾರಿ ಬಂದರೆ ಇನ್ನೂ ಎಚ್ಚರ ಬೇಕು. ದಂಡೆ ಕೊರೆಯುವ ತಿರುವುಗಳಲ್ಲಿ ಗೋಡೆ ಬೇಕಾದೀತು. ಅದನ್ನು ಗಾರೆಯಿಲ್ಲದೆ ಕಾಡುಕಲ್ಲಿನಿಂದಲೂ ಕಟ್ಟಬಹುದು. ಆದರೆ ಎರಡು ಬದಿಗೂ ಗೋಡೆ, ಅಡಿಗೂ ಕಾಂಕ್ರೀಟಿನ ಹಾಸು ಎಂದು ಬರೆದಿದ್ದರೆ ಅದು ತೋಡಾಗಿ ಉಳಿಯುವುದಿಲ್ಲ, ಚರಂಡಿಯಾಗುತ್ತದೆ. ಏಡಿ ಮೀನುಗಳಿಗೂ ಅಲ್ಲಿ ಜಾಗವಿಲ್ಲ, ಪಕ್ಕದ ಗದ್ದೆಬಾವಿಗಳಿಗೂ ಅದರ ಸಂಬಂಧ ಕಡಿದುಹೋಗುತ್ತದೆ. ಕಾಮಗಾರಿಯ ಅಂದಾಜುಪಟ್ಟಿಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು 2005ರ ಮಾಹಿತಿ ಹಕ್ಕು ಕಾಯಿದೆಯಿಂದ ನಿಮಗಿದೆ. ಅದರಲ್ಲಿ ತೋಡಿನ ತಳದ ಬಗ್ಗೆ ಏನು ಬರೆದಿದೆ ಎಂಬ ಒಂದು ಸಾಲನ್ನು ಮೊದಲು ಓದಿ. ಹಾಸು ಎಂದಿದ್ದರೆ ಕೆಲಸ ಶುರುವಾಗುವ ಮುನ್ನವೇ, ಜೆಸಿಬಿ ತೋಡಿಗಿಳಿಯುವ ಮುನ್ನವೇ, ಗ್ರಾಮಸಭೆಯಲ್ಲಿ ಎದ್ದುನಿಂತು ಆ ಸಾಲನ್ನು ತೆಗೆಸಿ, ನಡಾವಳಿಯಲ್ಲಿ ಬರೆಸಿ. ಕಿಂಡಿ ಅಣೆಕಟ್ಟಿನ ಹಲಗೆ ಹಾಕುವವರ ಹೆಸರನ್ನೂ ಅದೇ ನಡಾವಳಿಯಲ್ಲಿ ಸೇರಿಸಬಹುದು.

ಅಂದಾಜುಪಟ್ಟಿ ಓದುವುದು ಹೇಗೆಂದು ತಿಳಿಯಬೇಕಾದವರು ಊಟದ ನಂತರ ಬನ್ನಿ, ಒಂದು ನಮೂನೆ ನನ್ನ ಕೈಯಲ್ಲಿದೆ.